ಆಯಮ್ಮನ ಮಾತೂ ಕೇಳಿಸಬೇಕು
(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಅಧ್ಯಕ್ಷರಾದ ಅಣ್ಣನವರು ನನಗೆ ಕೊಟ್ಟ ವಿಷಯ ನಾಯಕತ್ವ. ಬಿ.ಎ. ಓದೋ ಹುಡುಗಿ, ನಾಲ್ಕು ಒಳ್ಳೆ ಮಾತಾಡ್ತಾಳೆ ಅಂದುಕೊಂಡಿರಬೇಕು. ನಾಯಕತ್ವ ಅಂದ ತಕ್ಷಣ ನಮಗೆ ನೆನಪಾಗೋದು ಬಾಬಾಸಾಹೇಬರು, ಆಮೇಲೆ ಎಂ.ಎಲ್.ಎ., ಸರ್ಪಂಚ್, ಫ್ಲೆಕ್ಸ್ ಮೇಲಿನ ಫೋಟೋಗಳು. ನಾನು ಇವತ್ತು ಬೇರೆ ಒಂದು ಜಾಗದ ನಾಯಕತ್ವದ ಬಗ್ಗೆ ಮಾತಾಡ್ತೀನಿ. ಅದು ನರ್ಸಿಂಗ್ ಹೋಮ್. ಅಲ್ಲಿ ನಾಯಕತ್ವ ಸರಿ ಇಲ್ಲದಿದ್ರೆ ವೋಟು ಹೋಗಲ್ಲ, ಜೀವ ಹೋಗುತ್ತೆ. ಆ ಜೀವ ಬಹಳ ಸಲ ನಮ್ಮವರದೇ ಆಗಿರುತ್ತೆ.

ನಮ್ಮ ಕಡೆ ನರ್ಸಿಂಗ್ ಹೋಮ್ ಅಂದ್ರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. 10ರಿಂದ 30 ಹಾಸಿಗೆ, ಕೆಳಗೆ ಮೆಡಿಕಲ್ ಶಾಪು, ಪಕ್ಕದಲ್ಲಿ ಲ್ಯಾಬು, ಎಷ್ಟೋ ಕಡೆ ಮೇಲಿನ ಅಂತಸ್ತಿನಲ್ಲೇ ಡಾಕ್ಟರ ಮನೆ. ಸೋಮಂದೇಪಲ್ಲಿ ಹೈವೇ ಮೇಲಿನ ಊರು. ಜ್ವರ, ಹೆರಿಗೆ, ಆಕ್ಸಿಡೆಂಟು, ಯಾವುದೇ ಆಗಲಿ, ಸ್ವಲ್ಪ ಕಷ್ಟ ಅನ್ನಿಸಿದ್ರೆ ಪೆನುಕೊಂಡ, ಹಿಂದೂಪುರದ ಕಡೆ ಓಡ್ತೀವಿ. ಕೈ ಮೀರಿದ್ರೆ ಅನಂತಪುರ, ಇಲ್ಲ ಬೆಂಗಳೂರು. ನಮ್ಮ ತಾತನ ಕಾಲದಲ್ಲಿ ಪ್ರೈವೇಟ್ ಆಸ್ಪತ್ರೆ ಬಾಗಿಲಿಗೆ ಹೋಗೋಕೂ ಹೆದರ್ತಿದ್ರಂತೆ. 2007ರಲ್ಲಿ ಆರೋಗ್ಯಶ್ರೀ ಶುರುವಾದಾಗ ಮೊದಲ ಮೂರು ಜಿಲ್ಲೆಗಳಲ್ಲಿ ನಮ್ಮ ಅನಂತಪುರವೂ ಒಂದು. ಈಗ ಅದರ ಹೆಸರು ಎನ್‌ಟಿಆರ್ ವೈದ್ಯ ಸೇವೆ. ಆ ಕಾರ್ಡು ಬಂದ ಮೇಲೆ ನಮ್ಮವರೂ ದೊಡ್ಡ ಆಸ್ಪತ್ರೆಯ ಹಾಸಿಗೆ ಮೇಲೆ ಮಲಗಿದ್ರು. ಇದು ಸಣ್ಣ ಮಾತಲ್ಲ. ಆದರೆ ಬಾಗಿಲು ತೆಗೀತು ಅಂದ ಮಾತ್ರಕ್ಕೆ ಒಳಗೆ ಎಲ್ಲಾ ಸುರಕ್ಷಿತ ಅಂತಲ್ಲ.

ಇನ್ನೊಂದು ಮಾತು. ಆ ಆಸ್ಪತ್ರೆಗಳಿಗೆ ನಾವು ರೋಗಿಗಳಾಗಿ ಮಾತ್ರ ಹೋಗಲ್ಲ. ಅಲ್ಲಿ ನೆಲ ಒರೆಸೋರು, ಬೆಡ್ ಪ್ಯಾನ್ ತೆಗೆಯೋರು, ರಕ್ತದ ಬಟ್ಟೆ ಒಗೆಯೋರು, ಹೆಣ ಹೊರಗೆ ತರೋರು ಯಾರು? ಈ ಸಭೆಯಲ್ಲೇ ಕೈ ಎತ್ತಿ ಅಂದ್ರೆ ಎಷ್ಟು ಕೈ ಏಳುತ್ತೆ ಅಂತ ನನಗೆ ಗೊತ್ತು. ನಮ್ಮಮ್ಮನ ಕೈಯೂ ಏಳುತ್ತೆ.

ನಮ್ಮಮ್ಮ ಒಂದು ನರ್ಸಿಂಗ್ ಹೋಮಿನಲ್ಲಿ 6 ವರ್ಷ ಆಯಮ್ಮನಾಗಿ ಕೆಲಸ ಮಾಡಿದಳು. ಯಾವ ಊರು, ಯಾವ ಆಸ್ಪತ್ರೆ ಅಂತ ನಾನು ಹೇಳಲ್ಲ. ಅಮ್ಮ ಈಗ ಅಲ್ಲಿಲ್ಲ, ಬೇರೆ ಕಡೆ ಹೋಗ್ತಾಳೆ. ಅಲ್ಲಿ ನಡೆದ ಒಂದು ವಿಷಯ ಇಲ್ಲಿ ಹೇಳಲಾ ಅಂತ ಅಮ್ಮನ್ನ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು ಆಮೇಲೆ ಅಂದಳು: "ಹೇಳು. ಆದ್ರೆ ಆ ಹುಡುಗಿ ಮೇಲೆ ತಪ್ಪು ಹಾಕಬೇಡ."

ಯಾವ ಹುಡುಗಿ ಅಂತ ಹೇಳ್ತೀನಿ.

ಆ ದಿನ ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು ಹೆಂಗಸರಿದ್ದರು. ನಮ್ಮ ಕಡೆ ಮನೆಗೊಬ್ಬರಿಗೆ ಇರೋ ಹೆಸರು ಅದು. ಒಬ್ಬಾಕೆಗೆ ಗರ್ಭಕೋಶದ ಆಪರೇಷನ್ ಆಗಿತ್ತು, ರಕ್ತ ಕಡಿಮೆ ಅಂತ ಬ್ಲಡ್ ಬ್ಯಾಂಕಿನಿಂದ ರಕ್ತ ತರಿಸಿದ್ರು. ಇನ್ನೊಬ್ಬಾಕೆಗೆ ಹೆರಿಗೆಯಾಗಿ ಎರಡು ದಿನ ಆಗಿತ್ತು. ಸಂಜೆ ಹೆರಿಗೆಯಾದಾಕೆಯ ಹಾಸಿಗೆ ಮೇಲಿನ ಫ್ಯಾನ್ ನಿಂತುಹೋಯ್ತು. ಮಗು ಅಳ್ತಾ ಇತ್ತು. ಆಪರೇಷನ್ ಆದಾಕೆ ತಾನೇ "ನನ್ನ ಕಡೆ ಗಾಳಿ ಬರುತ್ತೆ, ಕೂಸು ಇಲ್ಲಿರಲಿ" ಅಂತ ಹಾಸಿಗೆ ಬಿಟ್ಟುಕೊಟ್ಟಳು. ಇಬ್ಬರನ್ನೂ ಕೈ ಹಿಡಿದು ಆ ಕಡೆ ಈ ಕಡೆ ಮಲಗಿಸಿದ್ದು ನಮ್ಮಮ್ಮ. ಬಟ್ಟೆ ಬದಲಾಯಿಸಿದ್ದು ನಮ್ಮಮ್ಮ. ಕೇಸ್ ಶೀಟುಗಳು ಮಾತ್ರ ಹಳೇ ಹಾಸಿಗೆಯ ಹತ್ತಿರವೇ ನೇತಾಡ್ತಾ ಉಳಿದವು. ಅದನ್ನ ಬದಲಾಯಿಸೋದು ಆಯಮ್ಮನ ಕೆಲಸ ಅಲ್ಲ. ಆಯಮ್ಮ ಕೇಸ್ ಶೀಟ್ ಮುಟ್ಟೋಹಾಗೇ ಇರಲಿಲ್ಲ.

ರಾತ್ರಿ ಡ್ಯೂಟಿಗೆ ಬಂದ ಸಿಸ್ಟರ್ ಅಂದ್ರೆ 19 ವರ್ಷದ ಹುಡುಗಿ. ಸಿಸ್ಟರ್ ಅಂತ ಕರೀತಿದ್ರು ಅಷ್ಟೇ, ನರ್ಸಿಂಗ್ ಕೋರ್ಸ್ ಮಾಡಿರಲಿಲ್ಲ. ಅಲ್ಲೇ ನೋಡಿ ನೋಡಿ ಸೂಜಿ ಹಾಕೋದು ಕಲಿತಿದ್ಳು. ಅವಳೂ ನಮ್ಮವರ ಮನೆ ಹುಡುಗಿನೇ. ಇಡೀ ರಾತ್ರಿಗೆ ಅವಳೊಬ್ಬಳೇ. ಬ್ಲಡ್ ಬ್ಯಾಗ್ ತಗೊಂಡು ಬಂದವಳು ಬೆಡ್ ನಂಬರ್ ನೋಡಿದಳು, ಹೆಸರು ನೋಡಿದಳು, ಎರಡೂ ಸರಿ ಹೋಯ್ತು. ಹೆರಿಗೆಯಾದಾಕೆಗೆ ಏರಿಸೋಕೆ ಶುರು ಮಾಡಿದಳು.

ಅಮ್ಮ ಬಾಗಿಲ ಹತ್ತಿರ ನೆಲ ಒರೆಸ್ತಾ ಇದ್ದಳು. ನೋಡಿದಳು. ಈಯಮ್ಮನಿಗೆ ಯಾಕೆ ರಕ್ತ ಅಂತ ಮನಸ್ಸಿಗೆ ಬಂತು. "ಸಿಸ್ಟರ್, ಈಯಮ್ಮ..." ಅಂದಳು. ಹುಡುಗಿ ಗಡಿಬಿಡಿಯಲ್ಲಿದ್ದಳು, ಕೆಳಗಿನಿಂದ ಬೆಲ್ ಹೊಡೀತಾ ಇತ್ತು. "ಇರಮ್ಮಾ ನೀನೊಂದು" ಅಂದಳು. ಅಷ್ಟೇ. ಅಮ್ಮ ಸುಮ್ಮನಾದಳು.

ಯಾಕೆ ಸುಮ್ಮನಾದೆ ಅಂತ ನಾನು ಅಮ್ಮನ್ನ ಕೋಪದಲ್ಲೇ ಕೇಳಿದ್ದೆ. ಅದಕ್ಕೆ ಎರಡು ತಿಂಗಳು ಹಿಂದೆ ಆಗಿದ್ದನ್ನ ಹೇಳಿದಳು. ಒಂದು ಟ್ರೇ ತೊಳೆದಿಲ್ಲ, ಅದರಲ್ಲೇ ಸಾಮಾನು ಇಡ್ತಿದಾರೆ ಅಂತ ಅಮ್ಮ ಹೇಳಿದಾಗ ಅಲ್ಲಿನ ದೊಡ್ಡ ಡಾಕ್ಟರು ಎಲ್ಲರ ಮುಂದೆ, "ಕಸ ಗುಡಿಸೋಳು ನಮಗೆ ಡಾಕ್ಟರ್ ಕೆಲಸ ಹೇಳಿಕೊಡ್ತಾಳೆ ನೋಡ್ರಪ್ಪಾ" ಅಂದಿದ್ರಂತೆ. ಎಲ್ಲರೂ ನಕ್ಕಿದ್ರಂತೆ. "ಆವತ್ತಿಂದ ನಾನು ಬಕೆಟ್ಟು, ಪೊರಕೆ ಬಿಟ್ಟು ಬೇರೆ ಏನೂ ನೋಡ್ತಿರಲಿಲ್ಲ ಕಣಮ್ಮಾ. ನೋಡಿದ್ರೂ ನೋಡಿಲ್ಲ ಅಂದ್ಕೊಳ್ತಿದ್ದೆ" ಅಂದಳು.

ಹತ್ತು ನಿಮಿಷ ಆಗಿರಬೇಕು. ಹೆರಿಗೆಯಾದಾಕೆಗೆ ನಡುಕ ಬಂತು, ಬೆನ್ನು ನೋವು ಅಂತ ಕೂಗಿದಳು, ಉಸಿರು ಸಿಗ್ತಿಲ್ಲ ಅಂದಳು. ಆಗ ಅಮ್ಮ ಬಕೆಟ್ ಬಿಟ್ಟು ಓಡಿದಳು. "ಈಯಮ್ಮನಿಗಲ್ಲ ರಕ್ತ, ಆಯಮ್ಮನಿಗೆ!" ಅಂತ ಇಡೀ ವಾರ್ಡ್ ಏಳೋಹಾಗೆ ಕಿರುಚಿದಳು. ಹುಡುಗಿ ನಿಲ್ಲಿಸಿದಳು. ಡಾಕ್ಟರು ಬಂದ್ರು, ಆಂಬುಲೆನ್ಸ್ ಬಂತು, ದೊಡ್ಡಾಸ್ಪತ್ರೆಗೆ ಕಳಿಸಿದ್ರು. ಕಿಡ್ನಿಗೆ ಪೆಟ್ಟಾಗಿ 18 ದಿನ ಅಲ್ಲಿದ್ದು ಆಕೆ ಬದುಕಿ ಬಂದಳು. ಆ ಮನೆಯವರು ಎರಡು ಹಸು ಮಾರಿದ್ರು. ಬದುಕಿದಳಲ್ಲ ಅಂತ ನಾವು ಇವತ್ತು ಈ ಕಥೆ ಹೇಳೋಕಾಗ್ತಿದೆ.

ಮನೆಯವರಿಗೆ ಆಸ್ಪತ್ರೆಯವರು ಹೇಳಿದ್ದು "ರಕ್ತ ಒಗ್ಗಲಿಲ್ಲ" ಅಂತ. ಮಾರನೇ ದಿನ ಆ ಹುಡುಗಿಯನ್ನ ಕೆಲಸದಿಂದ ತೆಗೆದ್ರು. ಅಲ್ಲಿಗೆ ಮುಗೀತು. ಮುಂದಿನ ತಿಂಗಳು ಇನ್ನೊಬ್ಬಳು ಹುಡುಗಿ ಬಂದಳು. ಅವಳಿಗೂ ಕೋರ್ಸ್ ಆಗಿರಲಿಲ್ಲ. ಅವಳೂ ರಾತ್ರಿಯೆಲ್ಲಾ ಒಬ್ಬಳೇ. ಕೇಸ್ ಶೀಟುಗಳು ಹಾಗೇ ಗೋಡೆ ಮೇಲೆ ನೇತಾಡ್ತಾ ಇದ್ದವು.

ಅಣ್ಣಂದಿರೇ, ಅಕ್ಕಂದಿರೇ, ಇಲ್ಲಿ ತಪ್ಪು ಯಾರದು? ಹುಡುಗಿಯದು ಅನ್ನೋದು ಸುಲಭ. ಆದರೆ ರಕ್ತ ಏರಿಸೋಕೆ ಒಂದು ಕ್ರಮ ಇದೆ. ಬೆಡ್ ನಂಬರ್ ನೋಡಿ ಏರಿಸೋಹಾಗಿಲ್ಲ. ಹಾಸಿಗೆ ಬದಲಾಗುತ್ತೆ, ಮನುಷ್ಯರು ಬದಲಾಗಲ್ಲ. ರೋಗಿಯ ಕೈಗೆ ಹೆಸರು, ಆಸ್ಪತ್ರೆ ನಂಬರ್ ಬರೆದ ಪಟ್ಟಿ ಕಟ್ಟಿರಬೇಕು. "ನಿಮ್ಮ ಹೆಸರು ಇದೇನಾ" ಅಂತ ಕೇಳಬಾರದು, ಮಂಪರಿನಲ್ಲಿರೋರು ಏನು ಕೇಳಿದ್ರೂ ಹೂಂ ಅಂತಾರೆ. "ನಿಮ್ಮ ಹೆಸರೇನು, ಯಾವ ಊರು" ಅಂತ ಅವರ ಬಾಯಿಂದಲೇ ಹೇಳಿಸಬೇಕು. ರಕ್ತದ ಗುಂಪು, ಬ್ಯಾಗಿನ ನಂಬರ್, ಅವಧಿ, ಇವನ್ನ ಇಬ್ಬರು ಸೇರಿ ಹಾಸಿಗೆ ಪಕ್ಕದಲ್ಲೇ ನಿಂತು ನೋಡಬೇಕು. ಏರಿಸೋಕೆ ಶುರು ಮಾಡಿದ ಮೇಲೆ ಮೊದಲ 15 ನಿಮಿಷ ಒಬ್ಬರು ಅಲ್ಲೇ ಇರಬೇಕು. ತಪ್ಪು ಗುಂಪಿನ ರಕ್ತ ಹೋದ್ರೆ ಮೈಯೊಳಗೆ ರಕ್ತಕಣ ಒಡೆದು ಕಿಡ್ನಿ ಕೆಡುತ್ತೆ, ಜೀವ ಹೋಗಬಹುದು. ಇದು ಹೊಸ ವಿಜ್ಞಾನ ಏನಲ್ಲ. ಒಂದು ಪ್ಲಾಸ್ಟಿಕ್ ಪಟ್ಟಿ, ಒಂದು ಪೆನ್ನು, ರಾತ್ರಿಗೆ ಇನ್ನೊಬ್ಬ ಮನುಷ್ಯ. ಇದನ್ನ ಮಾಡಿಸಬೇಕಾದವರು ಯಾರು? 19 ವರ್ಷದ ಹುಡುಗಿನಾ? ಅಲ್ಲ. ಆಸ್ಪತ್ರೆಯ ಮೇಲಿರೋರು. ನಾಯಕತ್ವ ಅಂದ್ರೆ ಅದು.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಪಟ್ಟಿ ಇಲ್ಲದಿದ್ರೂ ಆ ರಾತ್ರಿ ಆ ತಪ್ಪನ್ನ ತಡೆಯೋಕೆ ಒಬ್ಬರು ಅಲ್ಲಿದ್ದರು. ಹಾಸಿಗೆ ಬದಲಾಗಿದ್ದು ಗೊತ್ತಿದ್ದವರು ನಮ್ಮಮ್ಮ ಒಬ್ಬಳೇ. ಅವಳ ಬಾಯಿಯನ್ನ ಎರಡು ತಿಂಗಳು ಮುಂಚೇನೇ ಆ ನಗು ಮುಚ್ಚಿಬಿಟ್ಟಿತ್ತು.

ಇದು ನಮ್ಮಮ್ಮನೊಬ್ಬಳ ಕಥೆ ಅಂದುಕೋಬೇಡಿ. ದೊಡ್ಡ ದೊಡ್ಡ ಕಡೆಯೂ ಹೀಗೇ ಆಗಿದೆ. 2011ರ ಡಿಸೆಂಬರ್ 9ರ ಬೆಳಗಿನ ಜಾವ ಕೋಲ್ಕತ್ತಾದ ಢಾಕುರಿಯಾದಲ್ಲಿ ಎ.ಎಂ.ಆರ್.ಐ. ಅನ್ನೋ ದೊಡ್ಡ ಪ್ರೈವೇಟ್ ಆಸ್ಪತ್ರೆಗೆ ಬೆಂಕಿ ಬಿತ್ತು. ಗಾಡಿ ನಿಲ್ಲಿಸಬೇಕಾದ ನೆಲಮಾಳಿಗೆಯಲ್ಲಿ ಹತ್ತಿಕೊಳ್ಳೋ ಸಾಮಾನು ತುಂಬಿದ್ರು. ಹೊಗೆಯನ್ನ ಮೊದಲು ನೋಡಿದ್ದು ಪಕ್ಕದ ಕೊಳೆಗೇರಿಯ ಜನ. ಅವರು ಓಡಿ ಬಂದು ಹೇಳಿದಾಗ ಗೇಟಿನ ಕಾವಲುಗಾರರು ಏನೂ ಇಲ್ಲ ಹೋಗಿ ಅಂತ ವಾಪಸ್ ಕಳಿಸಿದ್ರು ಅಂತ ಆಗ ಪೇಪರುಗಳಲ್ಲೆಲ್ಲಾ ಬಂತು. 90ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಬೆಂಕಿಯಲ್ಲಿ ಸುಟ್ಟು ಸತ್ತಿದ್ದಲ್ಲ, ಎದ್ದು ಓಡೋಕಾಗದ ರೋಗಿಗಳು ಮಲಗಿದ್ದಲ್ಲೇ ಹೊಗೆಗೆ ಉಸಿರುಕಟ್ಟಿ ಸತ್ತರು. ಕೊನೆಗೆ ಗೋಡೆ ಹತ್ತಿ ರೋಗಿಗಳನ್ನ ಇಳಿಸೋಕೆ ನಿಂತವರು ಯಾರು? ಅದೇ ಕೊಳೆಗೇರಿಯ ಹುಡುಗರು.

ಇನ್ನೊಂದು ನಮಗೆ ಹತ್ತಿರದ್ದು. ಸರ್ಕಾರಿ ಆಸ್ಪತ್ರೆಯದ್ದಾದರೂ ನಾಯಕತ್ವದ ಮಾತು ಬಂದಾಗ ಅದನ್ನ ಬಿಡೋಕಾಗಲ್ಲ. ಕೊರೊನಾ ಎರಡನೇ ಅಲೆಯಲ್ಲಿ, 2021ರ ಮೇ 2 ಮತ್ತು 3ರ ನಡುವೆ, ಕರ್ನಾಟಕದ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಒಂದೇ ದಿನದ ಒಳಗೆ 24 ರೋಗಿಗಳು ಸತ್ತರು. ಆ ರಾತ್ರಿ ಆಕ್ಸಿಜನ್ ಮುಗಿದಿತ್ತು. ಯಾವ ಜಿಲ್ಲೆ ಯಾವ ಜಿಲ್ಲೆಗೆ ಸಿಲಿಂಡರ್ ಕೊಡಲಿಲ್ಲ ಅಂತ ಅಧಿಕಾರಿಗಳು ಒಬ್ಬರ ಮೇಲೊಬ್ಬರು ಹೇಳಿಕೊಂಡ್ರು. ಹೈಕೋರ್ಟ್ ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ಸಮಿತಿಯನ್ನ ಹಾಕಿತು. ಜಿಲ್ಲೆಯ ಮುಖ್ಯಸ್ಥರು ಸಮಯಕ್ಕೆ ಸರಿಯಾಗಿ ನಾಯಕತ್ವ ಕೊಡಲಿಲ್ಲ, ಮೇಲ್ವಿಚಾರಣೆ ಮಾಡಲಿಲ್ಲ, ಆಸ್ಪತ್ರೆಯ ಜೊತೆ ಹೊಂದಾಣಿಕೆ ಇರಲಿಲ್ಲ ಅನ್ನೋ ಅರ್ಥದಲ್ಲಿ ಆ ಸಮಿತಿ ವರದಿ ಕೊಟ್ಟಿತು. ಅದಾಗಿ ಒಂದು ವಾರಕ್ಕೇ, ಮೇ 10ರಂದು, ನಮ್ಮ ರಾಜ್ಯದ ತಿರುಪತಿ ರುಯಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಒತ್ತಡ ಇಳಿದು 11 ಜನ ಸತ್ತರು. ಟ್ಯಾಂಕರ್ ಬರೋದು ತಡವಾಗಿತ್ತು.

ಸಿಲಿಂಡರ್ ಮೀಟರಿನ ಮುಳ್ಳು ಕೆಳಗಿಳೀತಿದೆ ಅನ್ನೋದು ಮೊದಲು ಯಾರಿಗೆ ಗೊತ್ತಾಗುತ್ತೆ ಹೇಳಿ? ಮೀಟಿಂಗ್ ಹಾಲಿನಲ್ಲಿ ಕೂತವರಿಗಲ್ಲ. ಸಿಲಿಂಡರ್ ಉರುಳಿಸೋ ಕೂಲಿಯವನಿಗೆ, ವಾರ್ಡಿನಲ್ಲಿ ನಿಂತ ನರ್ಸಿಗೆ. ಅವರ ಮಾತು ಮೇಲಕ್ಕೆ ಹೋಗೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋದರ ಮೇಲೆ ರೋಗಿ ಬದುಕ್ತಾನಾ ಸಾಯ್ತಾನಾ ಅನ್ನೋದು ನಿಂತಿರುತ್ತೆ.

ಇಲ್ಲಿ ಬಾಬಾಸಾಹೇಬರನ್ನ ನೆನೀಬೇಕು. "ವೇಟಿಂಗ್ ಫಾರ್ ಎ ವೀಸಾ" ಅನ್ನೋ ಅವರ ಚಿಕ್ಕ ಪುಸ್ತಕದಲ್ಲಿ ಒಬ್ಬ ಡಾಕ್ಟರ ಕಥೆ ಇದೆ. 1929ರಲ್ಲಿ "ಯಂಗ್ ಇಂಡಿಯಾ" ಪತ್ರಿಕೆಯಲ್ಲಿ ಬಂದಿದ್ದ ಪತ್ರ ಅದು. ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಮೇಷ್ಟ್ರು. ಅವರ ಹೆಂಡತಿಗೆ ಹೆರಿಗೆಯಾಗಿ ಎರಡು ದಿನಕ್ಕೆ ಕಾಯಿಲೆ ಬಿತ್ತು. ಡಾಕ್ಟರು ಕೇರಿಯೊಳಗೆ ಬರಲ್ಲ ಅಂದ್ರು. ಬಾಣಂತಿಯನ್ನೇ ಕೇರಿಯಿಂದ ಹೊರಗೆ ತಂದ್ರು. ಡಾಕ್ಟರು ಥರ್ಮಾಮೀಟರನ್ನ ಒಬ್ಬ ಮುಸಲ್ಮಾನರ ಕೈಗೆ ಕೊಟ್ಟರು, ಅವರು ಗಂಡನಿಗೆ ಕೊಟ್ಟರು, ಗಂಡ ಹೆಂಡತಿಗೆ ಕೊಟ್ಟ. ಅದೇ ದಾರಿಯಲ್ಲಿ ವಾಪಸ್ ಬಂತು. ಮುಟ್ಟದೆ ನೋಡಿದ್ರು, ಹೋಗಿ ಔಷಧಿ ಕಳಿಸಿದ್ರು. ಮತ್ತೆ ಕರೆದಾಗ ಬರಲಿಲ್ಲ. ಆ ತಾಯಿ ಸತ್ತಳು.

ಇವತ್ತು ಡಾಕ್ಟರು ನಮ್ಮನ್ನ ಮುಟ್ಟಿ ನೋಡ್ತಾರೆ. ಥರ್ಮಾಮೀಟರ್ ನೇರವಾಗಿ ಬಾಯಿಗೆ ಬರುತ್ತೆ. ಅದು ಬಾಬಾಸಾಹೇಬರ ಹೋರಾಟದ ಫಲ, ಸಂವಿಧಾನದ ಫಲ. ಆದರೆ ನಮ್ಮ ಮಾತು? ಆಯಮ್ಮ ಸಿಸ್ಟರಿಗೆ ಹೇಳಬೇಕು, ಸಿಸ್ಟರ್ ಚಿಕ್ಕ ಡಾಕ್ಟರಿಗೆ, ಚಿಕ್ಕ ಡಾಕ್ಟರು ದೊಡ್ಡ ಡಾಕ್ಟರಿಗೆ. ಆವತ್ತಿನ ಥರ್ಮಾಮೀಟರಿನ ಹಾಗೆ ನಮ್ಮ ಮಾತು ಇನ್ನೂ ಕೈಯಿಂದ ಕೈಗೆ ಹೋಗ್ತಾ ಇದೆ, ಎಷ್ಟೋ ಸಲ ನಡುವೆಯೇ ಬಿದ್ದುಹೋಗ್ತಾ ಇದೆ. ಇದು ಬರೀ ಜಾತಿ ಅಂತ ನಾನು ಹೇಳಲ್ಲ. ಹಣ ಇದೆ, ಓದು ಇದೆ, ಗಂಡು ಹೆಣ್ಣು ಅನ್ನೋದಿದೆ. ಭಾಷೆನೂ ಇದೆ. ನಮ್ಮ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಆಸ್ಪತ್ರೆ ಚೀಟಿಯಲ್ಲಿ ಇಂಗ್ಲಿಷ್. ಹೆಬ್ಬೆಟ್ಟು ಒತ್ತೋ ಕಾಗದದಲ್ಲಿ ಏನಿದೆ ಅಂತ ಕೇಳೋಕೇ ನಾಚಿಕೆ. ಆದರೆ ಈ ಎಲ್ಲದರಲ್ಲೂ ಯಾರು ಯಾವಾಗಲೂ ಕೆಳಗಿರ್ತಾರೆ ಅಂತ ನೋಡಿದ್ರೆ ಜಾತಿ ಕಾಣಿಸುತ್ತೆ.

ಬದಲಾಯಿಸೋಕೆ ಆಗಲ್ವಾ? ಆಗುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್ ಥಿಯೇಟರಿಗೆ ಅಂತ ಒಂದು ಹಾಳೆಯ ಪಟ್ಟಿ ಮಾಡಿತು. ಅದರಲ್ಲಿ ಇರೋದು 19 ಅಂಶ. ರೋಗಿ ಇವರೇನಾ, ಆಪರೇಷನ್ ಯಾವ ಜಾಗಕ್ಕೆ, ಯಾವ ಔಷಧಿ ಆಗಲ್ಲ, ಹತ್ತಿ ಬಟ್ಟೆ, ಸೂಜಿಗಳ ಲೆಕ್ಕ ಸರಿ ಇದೆಯಾ, ಇಂಥವು. ಜೋರಾಗಿ ಓದಿ ಎಲ್ಲರೂ ಹೌದು ಅನ್ನಬೇಕು. ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು: ಕತ್ತರಿ ಹಾಕೋಕೆ ಮುಂಚೆ ಅಲ್ಲಿರೋ ತಂಡದ ಪ್ರತಿಯೊಬ್ಬರೂ ತಮ್ಮ ಹೆಸರು, ತಮ್ಮ ಕೆಲಸ ಹೇಳಬೇಕು. ಯಾಕೆ ಗೊತ್ತಾ? ಒಂದು ಸಲ ಬಾಯಿ ಬಿಟ್ಟು ಹೆಸರು ಹೇಳಿದವರು ಆಮೇಲೆ ತಪ್ಪು ಕಂಡಾಗಲೂ ಬಾಯಿ ಬಿಡ್ತಾರೆ. ದೆಹಲಿಯೂ ಸೇರಿ ಜಗತ್ತಿನ 8 ನಗರಗಳ ಆಸ್ಪತ್ರೆಗಳಲ್ಲಿ ಇದನ್ನ ಮಾಡಿ ನೋಡಿದ್ರು. ಆಪರೇಷನ್ ಆದವರಲ್ಲಿ ಸಾಯೋರು ನೂರಕ್ಕೆ 1.5 ಇದ್ದದ್ದು 0.8ಕ್ಕೆ ಇಳೀತು. ಹೊಸ ಮಿಷನ್ ಇಲ್ಲ, ಹೊಸ ಔಷಧಿ ಇಲ್ಲ. ಒಂದು ಹಾಳೆ, ಮತ್ತೆ ಎಲ್ಲರೂ ಮಾತಾಡಬಹುದು ಅನ್ನೋ ಧೈರ್ಯ.

ಹಾಗಂತ ಡಾಕ್ಟರುಗಳೆಲ್ಲಾ ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಈ ಸಭೆಯಲ್ಲಿರೋ ಎಷ್ಟೋ ಮಕ್ಕಳು ಅವರ ಕೈಯಲ್ಲೇ ಹುಟ್ಟಿದ್ದು. ಒಬ್ಬರೇ ಡಾಕ್ಟರು ಹಗಲೆಲ್ಲಾ ಓ.ಪಿ. ನೋಡಿ ರಾತ್ರಿ ಹೆರಿಗೆಗೆ ಏಳೋದನ್ನ ಅಮ್ಮನೇ ನೋಡಿದಾಳೆ. ಸುಸ್ತಾದ ಮನುಷ್ಯ ತಪ್ಪು ಮಾಡ್ತಾನೆ. ಅದಕ್ಕೇ ಸುತ್ತ ಇರೋರ ಕಣ್ಣು ಬೇಕು ಅನ್ನೋದು. ಒಳ್ಳೆ ನಾಯಕ ಅಂದ್ರೆ ತಪ್ಪೇ ಮಾಡದವನಲ್ಲ. "ನಿನಗೆ ಏನಾದ್ರೂ ಸರಿ ಇಲ್ಲ ಅನ್ನಿಸಿದ್ರೆ ತಕ್ಷಣ ಹೇಳು, ತಪ್ಪಾದ್ರೂ ಪರವಾಗಿಲ್ಲ" ಅಂತ ಆಯಮ್ಮನಿಗೂ ಹೇಳಿ, ಅವಳು ಹೇಳಿದಾಗ ನಗದೆ ಕೇಳಿಸಿಕೊಳ್ಳೋನು.

ಈಗ ನಮ್ಮ ಬಗ್ಗೆ ಒಂದು ಮಾತು. ಅಣ್ಣಂದಿರು ಬೇಜಾರು ಮಾಡ್ಕೋಬಾರದು. ನಮ್ಮ ಕಡೆ ಆಸ್ಪತ್ರೆಯಲ್ಲಿ ಏನಾದ್ರೂ ಆದಾಗ ನಾವೇನು ಮಾಡ್ತೀವಿ? ಗೇಟಿನ ಮುಂದೆ ಕೂರ್ತೀವಿ, ಗಾಜು ಒಡೀತೀವಿ, ಆಮೇಲೆ ಒಳಗಿನ ರೂಮಿನಲ್ಲಿ ಪಂಚಾಯ್ತಿ. ಇಷ್ಟು ಕೊಡ್ತೀವಿ, ಕೇಸ್ ಬೇಡ. ಸಹಿ. ಮುಗೀತು. ನಾನು ಹೇಳಿದ ಆ ಬಾಣಂತಿಯ ವಿಷಯದಲ್ಲೂ ಅದೇ ಆಯ್ತು. ಪಂಚಾಯ್ತಿಗೆ ಹೋದವರಲ್ಲಿ ನಮಗೆ ಗೊತ್ತಿರೋರೂ ಇದ್ರು. ಸಿಕ್ಕ ದುಡ್ಡು ಮಾರಿದ ಹಸುಗಳಿಗೂ ಸಾಲಲಿಲ್ಲ. ಅಲ್ಲಿ ಯಾರೂ ಕೇಸ್ ಶೀಟ್ ಕೇಳಲಿಲ್ಲ. ಯಾರೂ ರಾತ್ರಿ ಎಷ್ಟು ಜನ ನರ್ಸ್ ಇರ್ತಾರೆ ಅಂತ ಕೇಳಲಿಲ್ಲ. ಪಕ್ಕದಲ್ಲೇ ನೀರು ಕೊಡ್ತಾ ನಿಂತಿದ್ದ ನಮ್ಮಮ್ಮನ್ನೂ ಯಾರೂ ಕೇಳಲಿಲ್ಲ. ಡಾಕ್ಟರು ಕೇಳಲಿಲ್ಲ ಅನ್ನೋ ಕೋಪ ನನಗಿದೆ. ನಮ್ಮವರೂ ಕೇಳಲಿಲ್ಲ ಅನ್ನೋದು ಅದಕ್ಕಿಂತ ಜಾಸ್ತಿ ನೋವು. ದುಡ್ಡು ಕೈ ಬದಲಾಯಿತು, ಮುಂದಿನ ಬಾಣಂತಿಗೆ ಏನೂ ಬದಲಾಗಲಿಲ್ಲ.

ಅದಕ್ಕೇ ಸಂಘದ ಮುಂದೆ ನಾಲ್ಕು ಮಾತು ಇಡ್ತೀನಿ.

ಒಂದು. ನಮ್ಮ ಕೇರಿಯಿಂದ ಯಾರೇ ಆಸ್ಪತ್ರೆಗೆ ಸೇರಿದ್ರೂ ಓದು ಬರೋ ಒಬ್ಬರು ಜೊತೆಗೆ ಹೋಗಬೇಕು. ಜಗಳ ಮಾಡೋಕಲ್ಲ. ಕೇಳೋಕೆ. ಕೈಗೆ ಹೆಸರಿನ ಪಟ್ಟಿ ಕಟ್ಟಿದ್ರಾ? ಈ ಇಂಜೆಕ್ಷನ್ ಯಾವುದಕ್ಕೆ? ಯಾವ ಔಷಧಿ ಈಕೆಗೆ ಆಗಲ್ಲ ಅಂತ ಬರೆದುಕೊಂಡ್ರಾ? ಸಹಿ ಹಾಕೋ ಕಾಗದದಲ್ಲಿ ಏನಿದೆ, ಕನ್ನಡದಲ್ಲೋ ತೆಲುಗಿನಲ್ಲೋ ಹೇಳಿ. ಈ ಪ್ರಶ್ನೆಗಳನ್ನ ಎರಡೂ ಭಾಷೆಯಲ್ಲಿ ಒಂದು ಚಿಕ್ಕ ಕಾರ್ಡ್ ಮಾಡಿಸಿ ಮನೆ ಮನೆಗೆ ಕೊಡೋಣ. ಆ ಕಾರ್ಡ್ ಬರೆಯೋ ಕೆಲಸ ನನ್ನದು. ಕಾರ್ಡಿನ ಮೇಲೆ ಉಚಿತ ಚಿಕಿತ್ಸೆ ಆದ್ರೆ ಆಸ್ಪತ್ರೆಯಲ್ಲಿ ಕೂತಿರೋ ಮಿತ್ರನ ಹತ್ತಿರವೂ ಕೇಳಿ. ಅವರಿರೋದೇ ಅದಕ್ಕೆ.

ಎರಡು. ಕಾನೂನು ತಿಳಿದುಕೊಳ್ಳೋಣ. ತುರ್ತು ಚಿಕಿತ್ಸೆ ಕೊಡೋದು ಸರ್ಕಾರಿ ಇರಲಿ ಪ್ರೈವೇಟ್ ಇರಲಿ ಪ್ರತಿ ಡಾಕ್ಟರ ಕರ್ತವ್ಯ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ದುಡ್ಡು ಕೊಟ್ಟು ತಗೊಂಡ ಚಿಕಿತ್ಸೆಯಲ್ಲಿ ಲೋಪ ಆದ್ರೆ ಗ್ರಾಹಕರ ಕೋರ್ಟಿಗೆ ಹೋಗಬಹುದು ಅಂತ 1995ರಲ್ಲಿ ಹೇಳಿದೆ. ಕೇಸ್ ಶೀಟ್ ಕೇಳಿದ್ರೆ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯಕೀಯ ಪರಿಷತ್ತಿನ ನಿಯಮ ಹೇಳುತ್ತೆ. ಗಾಜು ಒಡೆದ್ರೆ ಕೇಸ್ ನಮ್ಮ ಮೇಲೆ. ಕೇಸ್ ಶೀಟ್ ಕೇಳಿದ್ರೆ ಉತ್ತರ ಅವರು ಕೊಡಬೇಕು.

ಮೂರು. ನಮ್ಮ ರಾಜ್ಯದಲ್ಲಿ ಪ್ರೈವೇಟ್ ಆಸ್ಪತ್ರೆಗಳ ನೋಂದಣಿಗೆ 2002ರ ಕಾನೂನಿದೆ. ಲೋಪ ಕಂಡರೆ ಜಿಲ್ಲಾ ವೈದ್ಯ ಆರೋಗ್ಯ ಅಧಿಕಾರಿಗೆ ಬರೆದು ಕೊಡೋಣ, ಸ್ವೀಕೃತಿ ತಗೊಳ್ಳೋಣ. ರಾತ್ರಿ ಕೋರ್ಸ್ ಆದ ನರ್ಸ್ ಇದಾರಾ ಅನ್ನೋದು ನಮ್ಮ ಬೇಡಿಕೆಗಳ ಪಟ್ಟಿಯಲ್ಲಿ ಇರಲಿ. ದುಡ್ಡಿನ ಬೇಡಿಕೆಗಿಂತ ಮೇಲೆ ಇರಲಿ.

ನಾಲ್ಕು. ಇದು ನನ್ನ ಮನಸ್ಸಿಗೆ ಹತ್ತಿರದ್ದು. ಆಸ್ಪತ್ರೆಗಳಲ್ಲಿ ಆಯಮ್ಮ, ವಾರ್ಡ್ ಬಾಯ್, ಸ್ವೀಪರ್ ಆಗಿ ಕೆಲಸ ಮಾಡೋ ನಮ್ಮವರನ್ನೆಲ್ಲಾ ತಿಂಗಳಿಗೊಂದು ಸಲ ಸಂಘ ಸೇರಿಸಲಿ. ಅವರ ಸಂಬಳ, ರಜೆ, ಗ್ಲೌಸು, ಸೂಜಿ ಚುಚ್ಚಿದ್ರೆ ಯಾರು ನೋಡಬೇಕು, ಇವನ್ನೆಲ್ಲಾ ಮಾತಾಡೋಣ. ಜೊತೆಗೆ ಅವರು ಕಂಡಿದ್ದನ್ನೂ ಕೇಳೋಣ. ತಪ್ಪು ನೋಡಿ ಬಾಯಿ ಬಿಟ್ಟಿದ್ದಕ್ಕೆ ಯಾರದ್ದಾದ್ರೂ ಕೆಲಸ ಹೋದ್ರೆ ಅವರ ಹಿಂದೆ ಈ ಸಂಘ ಇದೆ ಅನ್ನೋದು ಅವರಿಗೂ ಗೊತ್ತಿರಲಿ, ಆಸ್ಪತ್ರೆಯವರಿಗೂ ಗೊತ್ತಿರಲಿ. ಅಕಸ್ಮಾತ್ ಆ ಕೆಲಸದಿಂದ ತೆಗೆದ ಹುಡುಗಿ ಸಿಕ್ಕಿದ್ರೆ ಅವಳನ್ನ ನರ್ಸಿಂಗ್ ಕೋರ್ಸಿಗೆ ಸೇರಿಸೋಕೆ ನಾವೆಲ್ಲಾ ಸೇರಿ ಫೀಸು ಕಟ್ಟೋಣ. ನಾನು ಹುಡುಕ್ತಾ ಇದೀನಿ.

ಪ್ರತಿ ವರ್ಷ ಸೆಪ್ಟೆಂಬರ್ 17 ವಿಶ್ವ ರೋಗಿ ಸುರಕ್ಷತಾ ದಿನ. 2019ರಿಂದ ಮಾಡ್ತಿದಾರೆ. ನಮ್ಮ ಸಂಘ ಏಪ್ರಿಲ್ 14 ಮಾಡುತ್ತೆ, ಡಿಸೆಂಬರ್ 6 ಮಾಡುತ್ತೆ. ಇದನ್ನೂ ಮಾಡೋಣ. ಹಾರ, ತುರಾಯಿ ಬೇಡ. ಆವತ್ತು ಊರಿನ ಡಾಕ್ಟರುಗಳನ್ನೂ ಕರೆಯೋಣ, ಆಯಮ್ಮಂದಿರನ್ನೂ ಕರೆಯೋಣ, ಒಂದೇ ಸಾಲಿನ ಕುರ್ಚಿಯಲ್ಲಿ ಕೂರಿಸೋಣ. ಮೊದಲು ಆಯಮ್ಮಂದಿರು ಮಾತಾಡಲಿ.

ಬಾಬಾಸಾಹೇಬರು ಶಿಕ್ಷಣ, ಸಂಘಟನೆ, ಹೋರಾಟ ಅಂದ್ರು. ಹೋರಾಟ ಅಂದ ತಕ್ಷಣ ಕೂಗು ಅಂದುಕೊಳ್ತೀವಿ. ವಾರ್ಡಿನ ಬಾಗಿಲಲ್ಲಿ ಬಕೆಟ್ ಹಿಡಿದು ನಿಂತ ಒಬ್ಬ ಹೆಂಗಸು "ಸ್ವಲ್ಪ ನಿಲ್ಲಿ ಸಿಸ್ಟರ್, ಇದು ಈಯಮ್ಮನಿಗಲ್ಲ" ಅಂತ ಎರಡನೇ ಸಲ ಹೇಳೋದೂ ಹೋರಾಟನೇ. ಮೊದಲನೇ ಸಲ ಯಾರು ಬೇಕಾದ್ರೂ ಹೇಳ್ತಾರೆ. ಬೈಸಿಕೊಂಡ ಮೇಲೆ ಎರಡನೇ ಸಲ ಹೇಳೋಕೆ ಬೆನ್ನ ಹಿಂದೆ ಜನ ಬೇಕು. ಆ ಜನ ನಾವಾಗಬೇಕು.

ಅಮ್ಮ ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ. ಈಗ ಹೋಗೋ ಆಸ್ಪತ್ರೆಯಲ್ಲಿ ಅವಳಿಗೊಂದು ಅಭ್ಯಾಸ ಆಗಿದೆ. ಯಾರನ್ನೇ ಹಾಸಿಗೆ ಬದಲಾಯಿಸಿದ್ರೂ ಸಿಸ್ಟರ್ ಕೈ ಹಿಡಿದು ಕರಕೊಂಡು ಬಂದು ತೋರಿಸ್ತಾಳಂತೆ. ಕೆಲವರು ಬೈತಾರಂತೆ, ಒಬ್ಬರು ಮಾತ್ರ "ಒಳ್ಳೇದಾಯ್ತಮ್ಮಾ" ಅಂದ್ರಂತೆ. ಆವತ್ತು ಮನೆಗೆ ಬಂದು ಅದನ್ನ ಮೂರು ಸಲ ಹೇಳಿದಳು. ಇವತ್ತೂ ಅವಳಿಗೆ ನೈಟ್ ಡ್ಯೂಟಿ, ಬಸ್ಸಿಗೆ ಹೊತ್ತಾಯ್ತು. ಅದಕ್ಕೇ ನಾನೂ ಮಾತು ಮುಗಿಸ್ತೀನಿ.